ದ್ರಾಕ್ಷಿ ಕೊಯ್ಯಲು ಜರ್ಮನಿಗೆ ಹೋದದ್ದು

ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೆಣ್ಣುಮಕ್ಕಳಿಗೆ ಮೊದಲು ಕಲಿಸುತ್ತಿದ್ದದ್ದು ಬಾಯಿಗೆ ಕರವಸ್ತ್ರ ಹಿಡಿದು ಸದ್ದಿಲ್ಲದೆ ನಗುವುದನ್ನು. ಲೆಕ್ಕ, ಭೂಗೋಳ ಎಲ್ಲ ಮರೆತುಹೋಗಿವೆ. ಈ ವಿದ್ಯೆ ಮಾತ್ರ ಮದುವೆಯಾದ ಮೇಲೆ ದಿನನಿತ್ಯ ಉಪಯೋಗಕ್ಕೆ ಬರುತ್ತಿದೆ. ಕಳೆದ ವರ್ಷ ಜರ್ಮನಿಯಲ್ಲಿ ಒಂದು ಕರವಸ್ತ್ರ ಸಾಲದೆ ದುಪಟ್ಟಾದ ತುದಿಯನ್ನೂ ಬಳಸಬೇಕಾಯಿತು.

ನಮ್ಮವರು ಇಲ್ಲಿ ಅಮೆರಿಕದ ನೋವೈಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಎಂಜಿನಿಯರು. ಬೆಳೆದದ್ದು ವಿಜಯಪುರದ ಹತ್ತಿರ, ದ್ರಾಕ್ಷಿ ತೋಟವಿರುವ ಕಾಕಾನ ಮನೆಯಲ್ಲಿ. ತೋಟಕ್ಕೆ ಕರೆದ ದಿನವೇ ಇವರಿಗೆ ಹೊಟ್ಟೆನೋವು ಬರುತ್ತಿತ್ತಂತೆ. ಎಂಜಿನಿಯರಿಂಗ್ ಓದಿದ್ದೂ ದ್ರಾಕ್ಷಿ ಕೊಯ್ಯುವುದನ್ನು ತಪ್ಪಿಸಿಕೊಳ್ಳಲಿಕ್ಕೇ ಎಂಬುದು ಕಾಕಾನ ಅಭಿಪ್ರಾಯ. ಆದರೂ ಪ್ರತಿ ಫೆಬ್ರವರಿಯಲ್ಲಿ, ನಾವು ಡ್ರೈವ್‌ವೇಯ ಹಿಮ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿರುವಾಗ, ಕಾಕಾನ ಫೋನು ಬರುತ್ತದೆ. "ತಮ್ಮಾ, ಕೊಯ್ಲು ಶುರು ಆಗೇತಿ. ಈ ಸಲರೆ ಬರ್ತಿಯೇನು?" ಇವರ ಉತ್ತರವೂ ಸಿದ್ಧ. "ಈ ಸಲ ಲಾಂಚ್ ಐತ್ರಿ ಕಾಕಾ, ರಜಾ ಸಿಗಂಗಿಲ್ಲ." ಪ್ರತಿ ಫೆಬ್ರವರಿಯಲ್ಲೂ ಅದೇನು ಲಾಂಚ್ ಮಾಡುತ್ತಾರೋ ಎಂದು ಕಾಕಾ ಯಾವತ್ತೂ ಕೇಳಿಲ್ಲ. ದೊಡ್ಡ ಮನುಷ್ಯ.

ಹೀಗಿರುವಾಗ ಆಫೀಸಿನ ಕೆಲಸಕ್ಕೆಂದು ಇವರು ಜರ್ಮನಿಗೆ ಹೊರಟರು, ನಾನೂ ಜೊತೆಗೂಡಿದೆ. ವಾರಾಂತ್ಯಕ್ಕೆ ಮೋಸೆಲ್ ನದಿಯ ದಡದ ಒಂದು ಪುಟ್ಟ ಹಳ್ಳಿಗೆ ಹೋದೆವು. ಒಂದು ಚರ್ಚು, ಒಂದು ಬೇಕರಿ, ಕಿಟಕಿಗೊಂದು ಕೆಂಪು ಹೂವಿನ ಕುಂಡ, ಪ್ರತಿ ಕಿಟಕಿಯ ಲೇಸು ಪರದೆಯ ಹಿಂದೆ ನಮ್ಮನ್ನೇ ನೋಡುವ ಒಬ್ಬೊಬ್ಬ ಅಜ್ಜಿ. ನದಿ ಉಕ್ಕಿದಾಗ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮನೆಗಳ ಗೋಡೆಯ ಮೇಲೆ ಗೆರೆ ಎಳೆದಿದ್ದರು, ನಾವು ಮಕ್ಕಳ ಎತ್ತರ ಗುರುತು ಮಾಡುತ್ತೇವಲ್ಲ, ಹಾಗೆ. ಮನೆಗಳ ಹಿಂದೆಯೇ ಗೋಡೆಯಂತೆ ನಿಂತ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ. ನದಿಯ ಪಕ್ಕದ ಬೆಂಚಿನಲ್ಲಿ ಸುಮ್ಮನೆ ಕೂತಿರಬೇಕೆಂಬುದಷ್ಟೇ ನನ್ನ ಆಸೆ. ಆದರೆ ನಾವು ಇಳಿದುಕೊಂಡಿದ್ದ ಮನೆಯೊಡತಿ ಹೆಲ್ಗಾ ಬೆಳಗಿನ ಕಾಫಿಯ ಜೊತೆ ಒಂದು ಸುದ್ದಿಯನ್ನೂ ತಂದರು: ಅತಿಥಿಗಳು ಇಷ್ಟಪಟ್ಟರೆ ದ್ರಾಕ್ಷಿ ಕೊಯ್ಯಬಹುದು. ಅದಕ್ಕೆ ಬೇರೆ ಶುಲ್ಕ.

ಹೊಟ್ಟೆನೋವು ಬರಲಿಲ್ಲ. ಇವರು ಹಸಿರು ಏಪ್ರನ್ ಕಟ್ಟಿಕೊಂಡು, ಕತ್ತರಿ ಹಿಡಿದು, ಮೇಕೆಗಳೂ ಯೋಚಿಸಿ ಹತ್ತುವಂಥ ಆ ಗುಡ್ಡವನ್ನು ಮಂಡಿಯೂರಿ ಹತ್ತಿದರು. ಸಂಜೆ ಇಳಿದು ಬಂದಾಗ ಮುಖ ಬೆಂದ ಬೀಟ್‌ರೂಟು, ಕೈಯಲ್ಲಿ ಹೆಲ್ಗಾ ಕೊಟ್ಟ ಸರ್ಟಿಫಿಕೇಟು. "ನೋಡು, ಮಣ್ಣಿನ ಸಂಬಂಧ ಅಂದ್ರ ಇದು," ಎಂದು ಉಗುರು ತೋರಿಸಿದರು. ವಿಜಯಪುರದ ಮಣ್ಣು ಉಗುರಿಗೆ ಸೇರಿದರೆ ಕೊಳೆ, ಜರ್ಮನಿಯದಾದರೆ ಸಂಬಂಧ. ನಾನು ದುಪಟ್ಟಾ ಬಾಯಿಗೊತ್ತಿಕೊಂಡೆ. ಅಷ್ಟರಲ್ಲಿ ಇವರು ಗೊಂಚಲು ಹಿಡಿದ ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿಯೂ ಆಗಿತ್ತು. ಆ ಗ್ರೂಪಿನಲ್ಲಿ ಕಾಕಾ ಇದ್ದಾರೆಂಬುದು ನೆನಪಾದದ್ದು ರಾತ್ರಿ ಊಟಕ್ಕೆ ಕೂತಾಗ.

ಕಾಕಾ ದಿನವೂ ತಪ್ಪದೆ ಗುಲಾಬಿ ಹೂವಿನ ಚಿತ್ರದೊಂದಿಗೆ ಶುಭೋದಯ ಕಳಿಸುವವರು. ಮರುದಿನದಿಂದ ಗುಲಾಬಿ ನಿಂತಿತು. ನೋವೈಗೆ ಮರಳಿದ ಮೇಲೂ ಬರಲಿಲ್ಲ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಬೇಸ್‌ಮೆಂಟಿನಲ್ಲಿ ನೇತುಹಾಕಬೇಕೆಂದಿದ್ದವರು ಅದನ್ನು ಡ್ರಾಯರಿನೊಳಗೆ ಕವುಚಿ ಇಟ್ಟರು. ಬೆಳಿಗ್ಗೆ ಎದ್ದೊಡನೆ ಫೋನು ನೋಡುವುದು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡುವುದು. "ನೀವೇ ಫೋನ್ ಮಾಡ್ರೀ," ಎಂದೆ. "ಏನಂತ ಮಾಡ್ಲಿ?" ಎಂದರು. ಈ ಸಲ ನನಗೆ ನಗು ಬರಲಿಲ್ಲ.

ಕೊನೆಗೆ ಒಂದು ಭಾನುವಾರ ದೋಸೆ ತಿನ್ನುವ ಹೊತ್ತಿಗೆ ಕಾಕಾನೇ ವಿಡಿಯೋ ಕಾಲ್ ಮಾಡಿದರು.

"ತಮ್ಮಾ, ಅಲ್ಲೆ ದಿನಕ್ಕ ಪಗಾರ ಎಷ್ಟ ಕೊಡ್ತಾರ?"

ಇವರು ಚಟ್ನಿಯನ್ನು ನೋಡುತ್ತಾ, "ಪಗಾರ ಇಲ್ರಿ ಕಾಕಾ. ಅಲ್ಲಿ ನಾವ ಕೊಡಬೇಕ್ರಿ," ಎಂದರು.

"ಯಾರಿಗೆ?"

"ತೋಟದವರಿಗೆ."

"ಕೆಲಸಾನೂ ನೀನ ಮಾಡಿ, ರೊಕ್ಕಾನೂ ನೀನ ಕೊಟ್ಟಿ?"

"ಮಧ್ಯಾಹ್ನ ಆಲೂಗಡ್ಡಿ ಸೂಪ್ ಕೊಟ್ರರಿ."

ನಮ್ಮ ಮಗಳು ಅನಘಾ ಫೋನಿನಿಂದ ತಲೆಯೆತ್ತಿ, "ವೇಟ್, ಡ್ಯಾಡ್, ಯೂ ಪೇಯ್ಡ್ ದೆಮ್?" ಎಂದಳು. ಅವಳಿಗೆ ಕನ್ನಡ ಅರ್ಥವಾಗುವುದು ಇಂಥ ಹೊತ್ತಿನಲ್ಲೇ.

ಕಾಕಾ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಆಮೇಲೆ, "ಇಷ್ಟ ವರ್ಷ ನಿನ್ನ ಪುಕ್ಕಟೆ ಕರದದ್ದು ನಂದ ತಪ್ಪಾತು ನೋಡು," ಎಂದರು. "ಬರೂ ಫೆಬ್ರವರಿಗೆ ಬಾ, ನಾನೂ ರೊಕ್ಕಾ ತೊಗೋತೀನಿ. ಸರ್ಟಿಫಿಕೇಟ ಬೇಕಂದ್ರ ಪಂಚಾಯ್ತಿ ಶಿಕ್ಕಾ ಹೊಡಿಸಿ ಕೊಡ್ತೀನಿ." ಮತ್ತೆ ಮೆಲ್ಲಗೆ, "ಲಾಂಚ್ ಏನಿಲ್ಲಲಾ?"

"ಏನಿಲ್ರಿ ಕಾಕಾ," ಎಂದರು ಇವರು. ದೋಸೆ ಆರಿ ಅಟ್ಟೆಯಾಗುತ್ತಿದ್ದರೂ ಎದ್ದುಹೋಗಿ ರಜೆ ಅಪ್ಲೈ ಮಾಡಿ ಬಂದರು. ಮಾರನೆಯ ಬೆಳಿಗ್ಗೆ ಗುಲಾಬಿ ಬಂತು.

ಇಲ್ಲಿಗೆ ಮುಗಿಸಿದ್ದರೆ ನಾನೂ ಗೌರವಸ್ಥೆಯಾಗಿ ಉಳಿಯುತ್ತಿದ್ದೆ. ಮುಂದಿನ ಶನಿವಾರ ದೇವಸ್ಥಾನದಲ್ಲಿ ಪುಳಿಯೋಗರೆ ಪೊಟ್ಟಣ ಕಟ್ಟುವಾಗ, ರಾಚೆಸ್ಟರ್ ಹಿಲ್ಸ್‌ನ ವಸುಧಾ ಕೇಳಿದರು.

"ಫೆಬ್ರವರೀಲಿ ದ್ರಾಕ್ಷಿ ಕೊಯ್ಯಕ್ಕೆ ಹೋಗ್ತೀರಂತೆ? ಮತ್ತೆ ಯುರೋಪಾ?"

"ಇಲ್ಲ, ವಿಜಯಪುರ."

"ಅಯ್ಯೋ, ಆ ಬಿಸಿಲಲ್ಲಾ?"

ಅವರ ಮೂಗು ಒಂದು ಎಳೆಯಷ್ಟು ಮೇಲೇರಿದ್ದನ್ನು ನಾನು ಕಂಡೆ. "ಫಾರ್ಮ್ ಸ್ಟೇ ರೀ," ಎಂದುಬಿಟ್ಟೆ. "ಎಲ್ಲರನ್ನೂ ಸೇರಿಸಲ್ಲ, ಅವರೇ ಕರೀಬೇಕು."

ಮೂಗು ಇಳಿಯಿತು. "ಹೌದಾ? ನದಿ ಇದ್ಯಾ?"

"ವಾಟರ್ ವ್ಯೂ ಇದೆ."

"ನಮಗೂ ಒಂದು ಮಾತು ಕೇಳಿ ನೋಡಿ, ಪ್ಲೀಸ್."

ಆ ಸಂಜೆ ಬೇಸ್‌ಮೆಂಟಿಗೆ ಇಳಿದು ಕಾಕಾಗೆ ಫೋನ್ ಮಾಡಿ, ಅವರ ಮನೆಯ ಹಿಂದಿನ ಕಾಲುವೆಗೆ ಫೆಬ್ರವರಿಯಲ್ಲಿ ನೀರು ಬಿಡುತ್ತಾರೆಯೇ ಎಂದು ವಿಚಾರಿಸಿದೆ. ಯಾಕೆಂದು ಕೇಳಿದರು, ಹೇಳಿದೆ. ಅವರು ನಕ್ಕ ಸದ್ದಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಕಾಕಾ ಕಾನ್ವೆಂಟಿನಲ್ಲಿ ಓದಿದವರಲ್ಲ.