ಹೆಚ್ಚಾದ ಮೂರು ಕಿಲೋ

ತಕ್ಕಡಿಯ ಮುಳ್ಳು ಮೂರು ಕಿಲೋ ಹೆಚ್ಚು ತೋರಿಸಿದ್ದೇ ತಡ, ವರ್ಕ್‌ಶಾಪಿನಲ್ಲಿದ್ದವರೆಲ್ಲ ತೂಕದಣ್ಣನ ಕಡೆ ತಿರುಗಿದರು.

ಗುಡ್ಡದ ಊರುಗಳಿಗೆ ಔಷಧಿ ಒಯ್ಯಲೆಂದು ವರ್ಷಗಟ್ಟಲೆ ಹೆಣಗಿ ಕಟ್ಟಿದ, ಇಬ್ಬರು ಕೂರುವ ಪುಟ್ಟ ಹೆಲಿಕಾಪ್ಟರ್ ತಕ್ಕಡಿಯ ಮೇಲಿತ್ತು. ಖಾಲಿ ಯಂತ್ರ ಮಿತಿಯೊಳಗೆ ತೂಗಿ, ಸಂಜೆಯೊಳಗೆ ಒಂದು ಸುತ್ತು ಹಾರಿದರೆ ಪರವಾನಗಿ. ಇಲ್ಲದಿದ್ದರೆ ನಾಳೆಯಿಂದ ವರ್ಕ್‌ಶಾಪಿಗೇ ಬೀಗ. ಯಂತ್ರದ ತೂಕ ಇಳಿಸುವುದು ತೂಕದಣ್ಣನ ಕೆಲಸ. ಸ್ವಂತ ಹೊಟ್ಟೆಯನ್ನು ಮಾತ್ರ ಅವನು ಆ ಲೆಕ್ಕಕ್ಕೆ ತಂದಿರಲಿಲ್ಲ. ಸ್ಟೂಲ್ ಹತ್ತಿದರೂ ತಲೆ ಸುತ್ತುವ ಆಸಾಮಿ. ಮನೆಯಲ್ಲಿ ಬಲ್ಬ್ ಬದಲಿಸುವುದೂ ಹೆಂಡತಿಯ ಪಾಲಿನ ಕೆಲಸ.

"ನಿನ್ನೆ ಸರಿಯಿತ್ತಲ್ಲಯ್ಯಾ!" ಎಂದರು ಯಜಮಾನರು.

ಬಣ್ಣದವನು ಬ್ರಷ್ಷನ್ನು ಬೆನ್ನ ಹಿಂದೆ ಸರಿಸಿದ. "ಫೋಟೋ ತೆಗೀತಾರೆ ಅಂದ್ರಲ್ಲ ಸರ್, ಇನ್ನೆರಡು ಕೋಟು ಎಳೆದೆ."

"ಕೆರೆದು ಹಾಕು!"

"ಎರಡು ದಿನ ಬೇಕು."

ತೂಕದಣ್ಣ ಸ್ಪ್ಯಾನರ್ ಹಿಡಿದು ಕ್ಯಾಬಿನ್ನಿಗೆ ನುಗ್ಗಿದ. ಮೊದಲು ಸೀಟಿನ ಮೆತ್ತೆಗಳು ಹೊರಬಿದ್ದವು.

"ಭಾವ, ಅದು ನಾನು ಕೂರೋ ಜಾಗ!" ಎಂದು ಕೂಗಿದ ಪೈಲಟ್, ತೂಕದಣ್ಣನ ಹೆಂಡತಿಯ ತಮ್ಮ.

"ಧೈರ್ಯ ಇದ್ದೋನಿಗೆ ತಗಡೇ ಮೆತ್ತೆ ಕಣೋ."

ಆಮೇಲೆ ಎರಡೂ ಬಾಗಿಲು ಕಳಚಿದವು.

"ಬಾಗಿಲೂ ಬೇಡ್ವಾ?"

"ಗಾಳಿ ಬರುತ್ತೆ, ಆರೋಗ್ಯಕ್ಕೆ ಒಳ್ಳೇದು!"

ಮತ್ತೆ ತೂಗಿದರು. ಮುಳ್ಳು ನಡುಗುತ್ತ ನಡುಗುತ್ತ ಮಿತಿಯ ಗೆರೆಯ ಮೇಲೇ ನಿಂತಿತು. ಯಜಮಾನರು ಹಿಡಿದಿದ್ದ ಉಸಿರು ಬಿಟ್ಟರು.

ತಪಾಸಣೆಗೆ ಬಂದಿದ್ದ ಮೇಡಂ ಬಿಡಲಿಲ್ಲ. ಯಂತ್ರದ ಸುತ್ತ ನಡೆದು, ಬಗ್ಗಿ, ಎದ್ದು, "ಇದು ಹಿಂದಕ್ಕೆ ವಾಲ್ತಿದೆಯಲ್ಲ?" ಎಂದರು.

ನಿಜ. ಕಿತ್ತದ್ದೆಲ್ಲ ಮುಂಭಾಗದ್ದು. ಮೂಗು ಹಗುರಾಗಿ, ಹೆಲಿಕಾಪ್ಟರ್ ಗಡದ್ದಾಗಿ ಉಂಡ ಮಾವನಂತೆ ಬಾಲದ ಕಡೆ ಒರಗಿತ್ತು. ಪೈಲಟ್ ನೋಡಿದರೆ ಬೆಂಕಿಕಡ್ಡಿಯ ತಮ್ಮ. ಅವನೊಬ್ಬನ ಭಾರ ಯಾವ ಮೂಲೆಗೆ?

"ಹೀಗೇ ಎತ್ತಿದ್ರೆ ಮಗುಚುತ್ತೆ," ಎಂದರು ಮೇಡಂ.

"ಮುಂದೆ ಒಂದು ಮರಳು ಚೀಲ ಕಟ್ಟೋಣವೇ?" ಯಜಮಾನರ ಹಣೆಯಲ್ಲಿ ಬೆವರು.

"ಕಟ್ಟಿದ್ದೆಲ್ಲ ಯಂತ್ರದ ತೂಕಕ್ಕೇ ಸೇರುತ್ತೆ. ಮಿತಿ ದಾಟುತ್ತೆ."

"ಹಾಗಾದ್ರೆ ಯಾವುದು ಸೇರಲ್ಲ ಮೇಡಂ?" ತೂಕದಣ್ಣ ತಡೆಯಲಾರದೆ ಕೇಳಿಬಿಟ್ಟ.

"ಒಳಗೆ ಕೂರೋ ಮನುಷ್ಯರು. ಸ್ವಲ್ಪ ಮೈಕೈ ತುಂಬಿಕೊಂಡೋರು ಯಾರಾದ್ರೂ..."

ಬೆಳಗಿನಂತೆಯೇ ಎಲ್ಲರೂ ತೂಕದಣ್ಣನ ಕಡೆ ತಿರುಗಿದರು. ಬಣ್ಣದವನ ನೋಟದಲ್ಲಂತೂ ಪ್ರೀತಿ ಉಕ್ಕುತ್ತಿತ್ತು.

"ಸರ್, ನಾನು ಸ್ಟೂಲ್ ಹತ್ತಿದ್ರೇ..."

"ಇದಕ್ಕೆ ಸ್ಟೂಲ್ ಬೇಡಯ್ಯಾ," ಯಜಮಾನರು ಬೆನ್ನು ತಟ್ಟಿ ಒಳಗೆ ತಳ್ಳಿದರು.

ತಗಡು ಮಂಜಿನಂತೆ ತಣ್ಣಗಿತ್ತು. ತಲೆಯ ಮೇಲೆ ರೆಕ್ಕೆ ಗಿರಗಿರ ತಿರುಗತೊಡಗಿತು. ಬಾಗಿಲಿರಬೇಕಿದ್ದ ಕಡೆ ನೆಲ ಮೆಲ್ಲಗೆ ಕೆಳಗಿಳಿಯಿತು. ತೂಕದಣ್ಣ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ಗಾಳಿ ಬರ್ತಿದೆಯಾ ಭಾವ?" ಪೈಲಟ್‌ನ ದನಿ ಹೆಡ್‌ಫೋನಿನಲ್ಲಿ ಕೇಳಿಸಿತು. "ಹೆದರ್ಬೇಡಿ. ಹತ್ತೋಕೆ ಮುಂಚೆ ಅಕ್ಕನಿಗೆ ಫೋನ್ ಮಾಡಿ ಹೇಳಿದೀನಿ."

"ಅಳ್ತಿದ್ಲೇನೋ?"

"ಇಲ್ಲ. ಇನ್ಮೇಲೆ ಬಲ್ಬೆಲ್ಲ ನೀವೇ ಬದಲಿಸ್ಬೇಕಂತೆ."