ಒಂದೂವರೆ ಗೇಣಿನ ಲಾರಿ

ಎಲ್ಲ ಗೋಳಿಗೂ ಕಾರಣ ನಾಲ್ಕು ಸಾಸಿವೆ ಕಾಳು.

ಸಾಂಗ್ಲಿಯ ವಿಶ್ರಾಮಬಾಗದಲ್ಲಿ ಸಾಲ ಕೊಡುವ ಒಂದು ಸಹಕಾರಿ ಪತಸಂಸ್ಥೆಯ ಗುಮಾಸ್ತನಾಗಿದ್ದ ಅನೇಕಾಂತ ರವಿವಾರ ಬೆಳಿಗ್ಗೆ ಆ ಕಾಳುಗಳಿಗೆ ಹಳದಿ ಬಣ್ಣ ಬಳಿದು, ಚಿಮಟಿಯಿಂದ ಒಂದೊಂದಾಗಿ ಎತ್ತಿ, ತನ್ನ ಲಾರಿಯ ಗಾಲಿಗಳ ಕೆಳಗೆ ಇಟ್ಟ. ಮನೆಗೆ ಗಾಡಿ ಬಂದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ. ಅವನ ಲಾರಿಯ ಉದ್ದ ಒಂದೂವರೆ ಗೇಣು. ಅದರ ಅಳತೆಗೆ ನಿಂಬೆಹಣ್ಣು ಸಾಸಿವೆಯಷ್ಟೇ ಆಗುತ್ತದೆ. ಅಳತೆ ತಪ್ಪಿದರೆ ಅನೇಕಾಂತನಿಗೆ ಊಟ ಸೇರುತ್ತಿರಲಿಲ್ಲ.

ಪೆಟ್ಟಿಗೆಯಲ್ಲಿ ಬಂದಾಗ ಅದು ಉದ್ದ ಮೂಗಿನ ವಿದೇಶಿ ಲಾರಿಯ ಕಿಟ್. ಅನೇಕಾಂತ ಎರಡು ವರ್ಷ ಕೂತು ಅದರ ಮೂಗು ಕತ್ತರಿಸಿ, ಐಸ್‌ಕ್ರೀಮ್ ಕಡ್ಡಿಗಳಿಂದ ಹಿಂದಿನ ಬಾಡಿ ಕಟ್ಟಿ, ಹಳೆಯ ಕರವಸ್ತ್ರವನ್ನು ತಾಡಪತ್ರಿಯಾಗಿ ಹೊದಿಸಿ, ಚಹಾಪುಡಿ ಉಜ್ಜಿ ತುಕ್ಕು ಹಿಡಿಸಿ, ಮಾವ ಬಾಪೂಸಾಹೇಬರ ಲಾರಿಯನ್ನು ಮತ್ತೆ ಹುಟ್ಟಿಸಿದ್ದ. ಇಪ್ಪತ್ತು ವರ್ಷ ಆರಗದಿಂದ ಸಾಂಗ್ಲಿಗೆ ಅರಿಸಿನ ಹೊತ್ತು, ಎಂದೋ ಗುಜರಿಗೆ ಹೋದ ಲಾರಿ ಅದು. ಹಳೆಯ ಫೋಟೋ ನೋಡಿ ಬಾಗಿಲಿನ ತಗ್ಗನ್ನೂ ಅವನು ಬಿಟ್ಟಿರಲಿಲ್ಲ. ಹಣೆಯ ಮೇಲೆ ಮಾತ್ರ ಹೊಸದಾಗಿ ‘ಬಾಪೂಸಾಹೇಬ’ ಎಂದು ಬರೆದಿದ್ದ.

ಆ ಹೆಸರಿನ ಹಿಂದೆ ಬರೀ ಪ್ರೀತಿ ಇರಲಿಲ್ಲ. ಬಾಪೂಸಾಹೇಬರು ಮಂಡಿನೋವಿಗೆ ಮಿರಜದಲ್ಲಿ ಚಿಕಿತ್ಸೆ ಮಾಡಿಸಿಕೊಳ್ಳಲು ಅದೇ ದಿನ ಬರುವವರಿದ್ದರು. ಎರಡು ತಿಂಗಳು ಇರುವವರು.

“ಅಪ್ಪಾರ ಮಂಚ ಸಣ್ಣ ಖೋಲ್ಯಾಗ. ನಿಮ್ಮ ಟೇಬಲ್ ಗುಜರ್ಯಾಗ,” ಎಂದು ಹೆಂಡತಿ ವೃಷಾಲಿ ವಾರದ ಹಿಂದೆಯೇ ಹೇಳಿಬಿಟ್ಟಿದ್ದಳು.

ಸಣ್ಣ ಕೋಣೆಯಲ್ಲಿ ಲಾರಿ ಕಟ್ಟುತ್ತಿದ್ದ ಆ ಟೇಬಲ್ಲು ಹೋದರೆ ಅನೇಕಾಂತನಿಗೆ ಈ ಲೋಕದಲ್ಲಿ ಕೂರಲು ಉಳಿಯುವ ಜಾಗ ಪತಸಂಸ್ಥೆಯ ಕುರ್ಚಿ ಒಂದೇ. “ಮಾಮಾ ಒಮ್ಮೆ ಲಾರಿ ನೋಡ್ಲಿ. ಆಮ್ಯಾಲೆ ಅವರು ಹೇಳಿದಂಗ,” ಎಂದು ಅಂಗಲಾಚಿದ್ದ.

“ಅಪ್ಪಾ ಇರ್ಲಿ ಅಂದ್ರ ಇರ್ಲಿ. ಆದ್ರ ನಮ್ಮ ಮದಿವ್ಯಾದ ಎಂಟು ವರ್ಷದಾಗ ಅವರು ನಿಮ್ಮ ಜೋಡಿ ಎಂಟು ಮಾತರೆ ಆಡ್ಯಾರೇನು?”

ಅನೇಕಾಂತ ಮನಸ್ಸಿನಲ್ಲೇ ಎಣಿಸಿ ನೋಡಿದ. ಆರಕ್ಕೆ ನಿಂತಿತು.

ಸಾಸಿವೆ ಇಟ್ಟು, ಕುಂಕುಮ ಹಚ್ಚಿ, ದಾರದ ಚೆಂಡುಹೂವಿನ ಮಾಲೆ ಹಾಕಿದ ಮೇಲೆ ಅವನು ಮನೆಯ ಮೇಲಿನ ಗಚ್ಚಿಯಲ್ಲಿ ಹೊಟ್ಟೆಯ ಮೇಲೆ ಮಲಗಿ ಒಂದು ಫೋಟೋ ತೆಗೆದ. ಹಿಂದೆ ಬೇವಿನ ಮರ, ಎದುರು ಮನೆಯ ಗೋಡೆ; ಲಾರಿ ನಿಜದ್ದರಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ಅದನ್ನು ‘ಎರಡು ವರ್ಷದ ಕನಸು’ ಎಂದು ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಅವನ ಮಟ್ಟಿಗೆ ಅದು ಕೊಲ್ಹಾಪುರದ ತನ್ನಂತೆ ಮಾಡೆಲ್ ಕಟ್ಟುವ ಇಬ್ಬರು ಗೆಳೆಯರಿಗೆ. ಆದರೆ ಸ್ಟೇಟಸ್ ಎನ್ನುವುದು ಊರ ನಡುವಿನ ನಲ್ಲಿಯಂತೆ, ಎಲ್ಲರೂ ಬರುತ್ತಾರೆ.

ಹತ್ತೇ ನಿಮಿಷದಲ್ಲಿ ಕೆಳಮನೆಯ ಬಾಳಕೃಷ್ಣ ಕಾಕಾ ಬಂದರು. ನಿವೃತ್ತರಾದ ಮೇಲೆ ಇಡೀ ಕಟ್ಟಡದ ಕೆಲಸ ಅವರೇ ವಹಿಸಿಕೊಂಡಿದ್ದರು.

“ಅನೇಕಾಂತಾ! ಲಾರಿ ತಗೊಂಡು ಪೇಢೆ ಇಲ್ಲ, ಏನಿಲ್ಲ!”

“ಕಾಕಾ, ಅದು ಖರೇ ಲಾರಿ ಅಲ್ರಿ...”

“ಹಳೇದು ತಗೊಂಡಿ ಅಂತ ಯಾಕ ನಾಚ್ತಿ? ನಮ್ಮ ಮೊದಲನೇ ಸ್ಕೂಟರೂ ಹಳೇದ ಇತ್ತು.”

“ಅಲ್ರಿ, ಅದು ಪ್ಲಾಸ್ಟಿಕ್ಕಿಂದು.”

“ಈಗಿನ ಗಾಡಿ ಎಲ್ಲಾ ಪ್ಲಾಸ್ಟಿಕ್ಕೇ ಬಿಡೋ. ಮೊನ್ನೆ ನಮ್ಮ ಅಳಿಯನ ಕಾರಿಗೆ ಎಮ್ಮಿ ತಾಗಿ ಅರ್ಧಾ ಕಾರು ಉದರಿ ಬಿತ್ತು. ಇರ್ಲಿ, ಬೇಡಗದಾಗ ನಮ್ಮ ತಂಗಿ ಮನೀಗೆ ಎರಡು ಮಂಚ, ಒಂದು ಕಪಾಟ ಮುಟ್ಟಿಸಬೇಕು. ಪೂಜಿ ಆದ ಮ್ಯಾಲೆ ಮೊದಲನೇ ಟ್ರಿಪ್ಪು ನಂದ. ಕೆಳಗ ಇಳಿಸಾಕ ಹಚ್ಚೇನಿ.”

“ಕಾಕಾ, ನನ್ನ ಮಾತು...” ಎನ್ನುವಷ್ಟರಲ್ಲಿ ಕಾಕಾ ಎರಡು ಮಜಲು ಇಳಿದಿದ್ದರು. ಕೆಳಗಿನಿಂದ ಅವರ ದನಿ ಕೇಳಿತು: “ಸ್ಕೂಟರ್ ತಗೀರೆಪಾ ಎಲ್ಲಾರೂ! ಲಾರಿ ನಿಂದ್ರತೈತಿ!”

ಅವರ ಹಿಂದೆಯೇ ಓಡಬೇಕೆಂದು ಅನೇಕಾಂತ ಚಪ್ಪಲಿಗೆ ಕಾಲು ಹಾಕಿದ. ಫೋನು ಬಂತು. ಬಾಪೂಸಾಹೇಬರು.

“ಅಳಿಯಂದ್ರ.”

“ಹೇಳ್ರಿ ಮಾಮಾ.”

“ವೃಷಾಲಿಯ ಅವ್ವ ಫೋನ್‌ನ್ಯಾಗ ಲಾರಿ ಫೋಟೋ ತೋರಿಸಿದ್ಳು. ಹಣೀ ಮ್ಯಾಲೆ ನನ್ನ ಹೆಸರು...”

ಮುಂದೆ ಮಾತಿಲ್ಲ. ಆಚೆ ಬದಿಯಲ್ಲಿ ಒಂದು ಬಸ್ಸು ಹಾರ್ನ್ ಹೊಡೆದು ಸುಮ್ಮನಾಯಿತು. ಯಾರೋ ಮೂಗು ಎಳೆದುಕೊಂಡ ಸದ್ದು. ನಿಜ ಹೇಳಲು ಅದೇ ಸರಿಯಾದ ಹೊತ್ತು. ಆದರೆ ಎಂಟು ವರ್ಷಗಳಲ್ಲಿ ಮಾವ ಅವನೊಡನೆ ಆಡಿದ ಅತ್ಯಂತ ಆಪ್ತ ಮಾತು ಆ ಮೌನವೇ ಆಗಿತ್ತು. ಅದನ್ನು ಮುರಿಯಲು ಅನೇಕಾಂತನಿಗೆ ಬಾಯಿ ಬರಲಿಲ್ಲ.

“ನಮ್ಮ ಹಳೇ ಡ್ರೈವರ್ ಶಿವಲಿಂಗಪ್ಪನ್ನ ಕರಕೊಂಡ ಬರಾಕತ್ತೇನಿ,” ಎಂದರು ಮಾವ ಕಡೆಗೆ. “ಅಲ್ಲೀತನಾ ಯಾರ ಕೈಯಾಗೂ ಸ್ಟೇರಿಂಗ್ ಕೊಡಬ್ಯಾಡ್ರಿ.”

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ವೃಷಾಲಿ ಕೇಳಿದಳು, “ಈಗೇನ ಮಾಡ್ತೀರಿ?”

“ಹೇಳ್ತೇನಿ.”

“ಯಾವಾಗ?”

“ಅವರು ಬಂದು ಕುಂತ ಮ್ಯಾಲೆ.”

“ಎಲ್ಲಿ ಕುಂದ್ರತಾರ? ಲಾರ್ಯಾಗ?”

ಹನ್ನೊಂದು ಗಂಟೆಗೆ ಅಂಗಳ ಖಾಲಿಯಾಗಿತ್ತು. ಆರು ಸ್ಕೂಟರುಗಳು ಬೀದಿಗೆ ಹೋಗಿದ್ದವು. ಗೇಟಿನ ಪಕ್ಕ ಎರಡು ಮಂಚ, ಒಂದು ಕಪಾಟು ಬೀಗರ ದಾರಿ ಕಾಯುವವರಂತೆ ನಿಂತಿದ್ದವು. ಆಟೋದಿಂದ ಬಾಪೂಸಾಹೇಬರು ಇಳಿದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತೆಂಗಿನಕಾಯಿ. ಹಿಂದೆ ಎಪ್ಪತ್ತರ ಶಿವಲಿಂಗಪ್ಪ. ಹದಿನೈದು ವರ್ಷದ ಮೇಲೆ ಖಾಕಿ ಅಂಗಿ ತೊಟ್ಟಿದ್ದ. ಗುಂಡಿ, ಕಾಜಗಳು ಹೊಟ್ಟೆಯ ಮೇಲೆ ಒಂದಕ್ಕೊಂದು ಮುಖ ನೋಡದೆ ಜಗಳವಾಡಿದ್ದವು.

“ಎಲ್ಲೈತ್ರಿ ಗಾಡಿ?” ಎಂದ ಶಿವಲಿಂಗಪ್ಪ, ಕೈ ತಿಕ್ಕಿಕೊಳ್ಳುತ್ತ.

ಮೆಟ್ಟಿಲ ಮೇಲೆ ಅನೇಕಾಂತ ಕಾಣಿಸಿಕೊಂಡ. ಕೈಯಲ್ಲಿ ಸ್ಟೀಲಿನ ತಾಟು, ಮೇಲೆ ಟವೆಲ್ಲು ಮುಚ್ಚಿತ್ತು.

“ಬಂದ್ವು ನೋಡ್ರಿ ಪೇಢೆ!” ಎಂದು ಕಾಕಾ ಕೈ ಚಾಚಿದರು.

ಅನೇಕಾಂತ ಟವೆಲ್ಲು ತೆಗೆದ.

ಕಾಕಾ ಲಾರಿಯನ್ನು ನೋಡಿದರು, ಕಪಾಟನ್ನು ನೋಡಿದರು, ಮತ್ತೆ ಲಾರಿಯನ್ನು ನೋಡಿದರು.

“ಮೊದಲ ಹೇಳಾಕ ಏನ ಧಾಡಿಯಾಗಿತ್ತೋ ನಿನಗ!”

ಶಿವಲಿಂಗಪ್ಪ ಬಗ್ಗಿ ನೋಡಿ ದುಃಖದಿಂದ, “ಸಾಹೇಬ್ರ, ಇದರಾಗ ನಾ ಕಾಲ ಎಲ್ಲಿ ಇಡ್ಲಿ?” ಎಂದ.

ಬಾಪೂಸಾಹೇಬರು ಕೋಲು, ಕಾಯಿ ಎರಡನ್ನೂ ಕಟ್ಟೆಗಿಟ್ಟು, ಚಷ್ಮಾ ಏರಿಸಿ ತಾಟನ್ನು ಎರಡೂ ಕೈಯಿಂದ ಕಣ್ಣಿನ ಹತ್ತಿರ ತಂದರು. ಹಣೆಯ ಹೆಸರು ಓದಿದರು. ತಾಡಪತ್ರಿ ಮುಟ್ಟಿದರು. ಅನೇಕಾಂತನಿಗೆ ತನ್ನ ಟೇಬಲ್ಲು ಗುಜರಿಯವನ ಗಾಡಿಯಲ್ಲಿ ಕಾಲು ಮೇಲೆ ಮಾಡಿ ಹೋಗುತ್ತಿರುವುದು ಕಾಣಿಸಿತು.

“ಈ ತಗ್ಗು ಎಡಕ್ಕಿತ್ತು,” ಎಂದರು ಮಾವ.

“ಇಲ್ರಿ, ಬಲಕ್ಕ ಇತ್ತು,” ಎಂದ ಶಿವಲಿಂಗಪ್ಪ.

“ನನಗ ಹೇಳ್ತಿಯೇನು? ಬೇಡಗದ ಕಟ್ಟೀಗೆ ನೀನ ಹಾಯಿಸಿದ್ದಿ.”

“ಹಾಯಿಸಿದವರು ನೀವರೀ! ನಾ ಚಾ ಕುಡ್ಯಾಕ ಇಳದಿದ್ನಿ. ಮನ್ಯಾಗ ಬೈತಾರ ಅಂತ ನನ್ನ ಹೆಸರು ಹೇಳಿದ್ರಿ. ಮೂವತ್ತು ವರ್ಷ ಬಾಯಿ ಮುಚ್ಚಿದ್ನಿ.”

ಬಾಪೂಸಾಹೇಬರು ಅವನನ್ನು ದಿಟ್ಟಿಸಿದರು. ಆಮೇಲೆ ನಕ್ಕರು. ಅಪ್ಪ ಹಲ್ಲು ಕಾಣುವಂತೆ ನಕ್ಕದ್ದನ್ನು ವೃಷಾಲಿ ಮೊದಲ ಸಲ ನೋಡಿದಳು. ನಗುತ್ತಲೇ ಅವರು ತಾಟನ್ನು ಗೇಟಿನ ಕಟ್ಟೆಯ ಮೇಲಿಟ್ಟು ಪಕ್ಕದಲ್ಲೇ ತೆಂಗಿನಕಾಯಿ ಒಡೆದರು. ಕೃಷ್ಣೆಗೆ ಮಹಾಪೂರ ಬಂದಂತೆ ಕಾಯಿನೀರು ತಾಟಿಗೆ ನುಗ್ಗಿತು. ನಾಲ್ಕೂ ಸಾಸಿವೆ ತೇಲಿ ಹೋದವು. ಲಾರಿ ಮಾತ್ರ ಜಗ್ಗಲಿಲ್ಲ.

ಮೇಲೆ ಬಂದವರೇ ಮಾವ ಸಣ್ಣ ಕೋಣೆಯ ಬಾಗಿಲಲ್ಲಿ ನಿಂತು ಟೇಬಲ್ಲು, ಬಣ್ಣದ ಡಬ್ಬಿಗಳು, ದೀಪ, ಇನ್ನೂ ಬಿಚ್ಚದ ಎರಡು ಕಿಟ್ಟುಗಳು ಎಲ್ಲವನ್ನೂ ನೋಡಿದರು.

“ಈ ಟೇಬಲ್ ಯಾರೂ ಮುಟ್ಟಬಾರದು,” ಎಂದರು.

ಅನೇಕಾಂತ ಹೆಂಡತಿಯತ್ತ ನೋಡಿದ ನೋಟದಲ್ಲಿ ಎಂಟು ವರ್ಷದ ಬಾಕಿ ತೀರಿತು. ವೃಷಾಲಿ ತುಟಿ ಬಿಗಿದು ಅಡುಗೆಮನೆಗೆ ಹೋದಳು. ಅವನು ಕೆಳಗಿಳಿದು ಕಾಕಾರ ಮಂಚ, ಕಪಾಟುಗಳನ್ನು ಹೊತ್ತು ವಾಪಸು ಒಳಗಿಟ್ಟು, ಬೆನ್ನು ಹಿಡಿದುಕೊಂಡು, ಆದರೂ ಸಿಳ್ಳೆ ಹಾಕುತ್ತ ಮೆಟ್ಟಿಲು ಹತ್ತಿದ.

ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಕಿಟ್ಟಿನ ಪೆಟ್ಟಿಗೆ ಬಿಚ್ಚುವ ಸದ್ದು.

“ಮೂಗು ಇಲ್ಲಿಂದ ಕೊಯ್ಯಬೇಕು,” ಎಂದು ಮಾವನ ದನಿ. “ಹಗೂರಕ. ಗಡಿಬಿಡಿ ಏನಿಲ್ಲ, ಎರಡು ತಿಂಗಳಾತು, ನಾಕಾತು. ಮಂಡಿ ಎಲ್ಲಿಗೂ ಓಡಿ ಹೋಗೂದಿಲ್ಲ.”

“ನಾ ದಿನಾ ಮೊದಲನೇ ಬಸ್ಸಿಗೆ ಬರತೇನ್ರಿ,” ಎಂದು ಶಿವಲಿಂಗಪ್ಪನ ದನಿ.

ಅನೇಕಾಂತ ತನ್ನ ಕೋಣೆಯ ಬಾಗಿಲನ್ನು ತಾನೇ ತಟ್ಟಿದ. ಅದು ನಾಲ್ಕು ಬೆರಳಷ್ಟು ತೆರೆಯಿತು. ಸಂದಿಯಲ್ಲಿ ಖಾಕಿ ಅಂಗಿ ಕಾಣಿಸಿತು, ಕೈಯಲ್ಲಿ ಅವನದೇ ಚಿಮಟಿ.

“ಮಾಲಕರು ಕೆಲಸದಾಗ ಅದಾರ,” ಎಂದ ಶಿವಲಿಂಗಪ್ಪ ಮೆಲ್ಲಗೆ. “ಏನ ಬೇಕಿತ್ರಿ?”

ಅನೇಕಾಂತ ಒಂದು ಹೆಜ್ಜೆ ಹಿಂದೆ ಸರಿದ.

“ಏನಿಲ್ರಿ,” ಎಂದ. “ಚಾಕ್ಕ ಸಕ್ಕರಿ ಎಷ್ಟು ಹಾಕಲಿ ಅಂತ ಕೇಳಾಕ ಬಂದಿದ್ನಿ.”