ಜನನ ವಿಭಾಗದ ಕಂಪ್ಯೂಟರ್ ಚೆನ್ನಾಗಿದ್ದ ದಿನ

ಆ ದಿನ ಬೆಳಿಗ್ಗೆ ಪುರಸಭೆ ಕಚೇರಿಯ ಜನನ ವಿಭಾಗದ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡಿತು. ಗುಮಾಸ್ತರ ಕಷ್ಟ ಶುರುವಾದದ್ದೇ ಅಲ್ಲಿಂದ.

ಹನ್ನೊಂದು ವರ್ಷ ಹಳೆಯದಾದ ಆ ಯಂತ್ರ ಒಂದು ಜನನ ಪತ್ರ ತೆರೆಯಲು ಕಾಲು ಗಂಟೆ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಕಿಟಕಿಯಾಚೆ ಸಾಲಿನಲ್ಲಿ ನಿಂತವರು ಗುಮಾಸ್ತರ ವಂಶವನ್ನೆಲ್ಲ ಜಾಲಾಡಿ ಮುಗಿಸುತ್ತಿದ್ದರು. "ಮಗೂನ ಹೆರೋಕೂ ಇಷ್ಟು ಹೊತ್ತು ಹಿಡೀಲಿಲ್ಲ ಕಣ್ರೀ" ಎಂದು ಮೊನ್ನೆ ಒಬ್ಬಾಕೆ ಹೇಳಿ ಹೋಗಿದ್ದಳು. ಬೈಸಿಕೊಂಡು ಬೈಸಿಕೊಂಡು ಗುಮಾಸ್ತರಿಗೆ ರಕ್ತದೊತ್ತಡ ಏರಿತ್ತು, ಊಟ ರುಚಿಸುತ್ತಿರಲಿಲ್ಲ. ನಿದ್ದೆಯಲ್ಲೂ "ತಾಳಿ, ಬರ್ತಾ ಇದೆ" ಎನ್ನುವರು. ಹಾವೇನಾದರೂ ಬಂತೇನೋ ಎಂದು ಹೆಂಡತಿ ಎದ್ದು ದೀಪ ಹಾಕುವಳು.

ಹೊಸ ಕಂಪ್ಯೂಟರಿಗಾಗಿ ಮೂರು ವರ್ಷದಲ್ಲಿ ಹತ್ತೊಂಬತ್ತು ಅರ್ಜಿ ಬರೆದ ಮೇಲೆ ಮೇಲಿನ ಕಚೇರಿಯವರು ಮನಸ್ಸು ಮಾಡಿದ್ದರು. ಇಂದು ಹನ್ನೊಂದು ಗಂಟೆಗೆ ತಪಾಸಣೆಯವರು ಬಂದು ಯಂತ್ರದ ಅವಸ್ಥೆಯನ್ನು ಕಣ್ಣಾರೆ ನೋಡಲಿದ್ದರು. ಇಂಥ ದಿನವೇ ಆ ಯಂತ್ರ ಮದುಮಗನ ಹಾಗೆ ಎದ್ದು ಕೂತಿತ್ತು. ಗುಂಡಿ ಒತ್ತಿದರೆ ಪತ್ರ ಬರುತ್ತಿತ್ತು.

"ಮುಗೀತು ನನ್ನ ಕತೆ" ಎಂದರು ಗುಮಾಸ್ತರು, ತಲೆಯ ಮೇಲೆ ಕೈಹೊತ್ತು.

ಪಕ್ಕದ ಮೇಜಿನಿಂದ ಯಮಣ್ಣ ಎದ್ದು ಬಂದ. ಮರಣ ವಿಭಾಗದ ಗುಮಾಸ್ತನಾದ್ದರಿಂದ ಅವನಿಗೆ ಆ ಹೆಸರು. "ಹಿಂದಿನಿಂದ ಎರಡು ಗುದ್ದಿ ನೋಡೋಣ್ವಾ?"

ಎರಡು ಗುದ್ದಿದ. ಯಂತ್ರ ಇನ್ನಷ್ಟು ಚುರುಕಾಯಿತು.

"ಅಯ್ಯೋ, ಗುದ್ದಬೇಡಿ, ಭಾರ ಹಾಕ್ಬೇಕು" ಎಂದಳು ಟೈಪಿಸ್ಟಮ್ಮ. ಇತರರ ಕಷ್ಟಕ್ಕೆ ಅವಳಲ್ಲಿ ಉಪಾಯ ಇಲ್ಲದ ದಿನವೇ ಇಲ್ಲ. "ನಮ್ಮ ಭಾವ ಒಂದು ಆಟ ಆಡ್ತಾರೆ. ನೂರು ಜನ ಒಂದು ದ್ವೀಪಕ್ಕೆ ಇಳಿದು ಒಬ್ಬರನ್ನೊಬ್ಬರು ಹೊಡೀತಾರೆ. ಕೊನೇಲಿ ಉಳಿದವನೇ ಗೆದ್ದ ಹಾಗೆ. ನೂರು ಜನ ಒಳಗೆ ನುಗ್ಗಿದ್ರೆ ಈ ಡಬ್ಬ ತಡ್ಕೊಳ್ಳುತ್ತಾ? ಏನೂ ಹಾಕ್ಕೋಬೇಕಿಲ್ಲ, ಬ್ರೌಸರಲ್ಲೇ ತೆರೆಯುತ್ತೆ."

"ಆಫೀಸಲ್ಲಿ ಆಟ ಆಡೋದಾ ತಾಯಿ?"

"ಆಡೋದಲ್ಲ ಅಣ್ಣ, ಕೆಡಿಸೋದು."

ಹತ್ತೂವರೆಗೆ ಆಟ ತೆರೆದುಕೊಂಡಿತು. ಗುಮಾಸ್ತರು ಕಣ್ಣು ಮುಚ್ಚಿ ಗುಂಡಿ ಒತ್ತಿ, ಕಂಪ್ಯೂಟರ್ ಸಾಯಲೆಂದು ಕಾದರು. ಅದು ಸಾಯಲಿಲ್ಲ. ತೆರೆಯ ಮೇಲೆ ಬೆಂಕಿಪೊಟ್ಟಣದಂಥ ಮನೆಗಳು, ಕೊಡೆಯಂಥ ಮರಗಳು ಮೂಡಿದವು. ಡೊಳ್ಳುಹೊಟ್ಟೆಯ ಒಂದು ಗೊಂಬೆ ಗುಮಾಸ್ತರದೇ ಎಂದು ಗೊತ್ತಾಗುವಷ್ಟರಲ್ಲಿ ಅವರ ಮೇಲೆ ಯಾರೋ ಗುಂಡು ಹಾರಿಸಿದರು. ಗುಮಾಸ್ತರು ಮನೆಯೊಂದಕ್ಕೆ ನುಗ್ಗಿ ಕದ ಮುಚ್ಚಿಕೊಂಡರು.

"ಅಡಗಿ ಕೂತ್ರೆ ಹೇಗೆ? ಜನ ಇರೋ ಕಡೆ ಹೋದ್ರೆ ತಾನೇ ಭಾರ ಬೀಳೋದು" ಎಂದು ಯಮಣ್ಣ ರೇಗಿದ.

"ಅಲ್ಲಿ ಹೋದ್ರೆ ಸಾಯ್ತೀನಲ್ಲಪ್ಪ."

"ಸತ್ರೆ ಪತ್ರ ನಾನು ಕೊಡ್ತೀನಿ, ನಡೀರಿ."

ಗುಮಾಸ್ತರು ನಡುಗುತ್ತ ಹೊರಬಂದರು. ದಾರಿಯಲ್ಲಿ ಸಿಕ್ಕ ಬಂದೂಕನ್ನು ಎತ್ತಿಕೊಂಡು, ಹೆದರಿಕೆಗೆ ಸಿಕ್ಕ ಸಿಕ್ಕ ಕಡೆ ಹಾರಿಸಿದರು. ಮೂವರು ಉರುಳಿದರು. ಯಂತ್ರ ಬೆಣ್ಣೆಯ ಮೇಲೆ ಚಾಕು ಆಡಿದ ಹಾಗೆ ಓಡುತ್ತಲೇ ಇತ್ತು.

ಅಷ್ಟರಲ್ಲಿ ಕಿಟಕಿಯಲ್ಲಿ ತಲೆಗಳು ತುಂಬಿದ್ದವು. ಇನ್ನು ಬೈಗುಳ ಬೀಳುತ್ತದೆಂದು ಗುಮಾಸ್ತರು ಕುತ್ತಿಗೆ ಕುಗ್ಗಿಸಿದರು. "ಬಲಗಡೆ ಒಬ್ಬ ಇದ್ದಾನೆ, ನೋಡ್ಕೊಳ್ಳಿ ಸಾರ್" ಎಂದಿತು ಒಂದು ದನಿ. ಬಲಕ್ಕೆ ಹೊಡೆದರು. "ಭೇಷ್" ಎಂದಿತು ಇಡೀ ಸಾಲು.

ಇಷ್ಟು ವರ್ಷಗಳಲ್ಲಿ ಆ ಕಿಟಕಿಯಿಂದ ಅವರು ಕೇಳಿದ ಮೊದಲ ಒಳ್ಳೆಯ ಮಾತು ಅದು. ಗುಮಾಸ್ತರ ಕಣ್ಣು ತುಂಬಿ ಬಂತು. ತಾವು ಕೂತದ್ದು ಯಾಕೆಂಬುದೂ ಮರೆತುಹೋಯಿತು. ಅಂಗಿಯ ತೋಳು ಮಡಚಿದರು. ಆಟದ ನೆಲ ಸುತ್ತಲಿಂದ ಕಿರಿದಾಗುತ್ತ ಬಂತು. ನೂರು ಜನ ಮೂವತ್ತಾಗಿ, ಹತ್ತಾಗಿ, ಮೂವರಾದರು.

"ಆ ಪೆಟ್ಟಿಗೆ ಹಿಂದೆ ಬಗ್ಗಿ ಕೂತ್ಕೊಳ್ಳಿ" ಎಂದರು ಯಾರೋ, ಹಿಂದಿನಿಂದ ಬಗ್ಗಿ.

ಸಾಲಿನವರೊಬ್ಬರು ಒಳಗೇ ಬಂದುಬಿಟ್ಟಿದ್ದಾರೆಂದು ತಿಳಿದ ಗುಮಾಸ್ತರು ತಿರುಗದೆಯೇ ಅಭ್ಯಾಸಬಲದಿಂದ ಹೇಳಿದರು: "ಸ್ವಲ್ಪ ತಾಳಿ ಸ್ವಾಮಿ, ಮಿಷಿನ್ ತುಂಬಾ ಸ್ಲೋ."

"ನಂಗೇನೂ ಅವಸರ ಇಲ್ಲ. ನೀವು ಹೊಡೀರಿ."

ಗುಮಾಸ್ತರು ಹೊಡೆದರು. ಕೊನೆಯವನೂ ಉರುಳಿದ. ತೆರೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು, ಕಿಟಕಿಯಾಚೆ ಚಪ್ಪಾಳೆ ಬಿತ್ತು. ಗುಮಾಸ್ತರು ಎದ್ದುನಿಂತು ಹಿಂದಿದ್ದವರ ಕೈ ಹಿಡಿದು ಕುಲುಕಿದರು.

ಅವರು ಕೈ ಬಿಡಿಸಿಕೊಂಡು ಕಂಕುಳಿನ ಫೈಲು ಬಿಚ್ಚಿದರು. "ನಾನು ತಪಾಸಣೆಗೆ ಬಂದವನು. ಅರ್ಜಿಯಲ್ಲಿ ಈ ಯಂತ್ರ ಅಲುಗಾಡಲ್ಲ ಅಂತ ಬರೆದಿದ್ದೀರಿ."

ಟೈಪಿಸ್ಟಮ್ಮ ತೆರೆಯ ಅಡಿಯಲ್ಲಿದ್ದ ಸಣ್ಣ ಅಕ್ಷರದ ಸಾಲೊಂದನ್ನು ಆಗಷ್ಟೇ ನೋಡಿದಳು. ಅವಳು ತೋರಿಸಿದ್ದೇ ತಡ, ಗುಮಾಸ್ತರು ಅದರ ಮೇಲೆ ಬೆರಳಿಟ್ಟು ಗೋಗರೆದರು: "ಸಾರ್, ಇಲ್ಲಿ ಓದಿ. ಕೆಲಸಕ್ಕೆ ಬಾರದ ಹಳೇ ಮಿಷಿನ್‌ಗಳಿಗೆ ಅಂತಲೇ ಮಾಡಿರೋ ಆಟವಂತೆ ಇದು. ಬೇರೆ ಏನೂ ಇದರಲ್ಲಿ ಓಡಲ್ಲ ಸಾರ್."

"ಬರೆದಿರೋದನ್ನ ನಂಬೋದಾಗಿದ್ರೆ ನಿಮ್ಮ ಹತ್ತೊಂಬತ್ತು ಅರ್ಜಿ ಸಾಕಾಗಿತ್ತಲ್ಲ. ಕಣ್ಣಲ್ಲಿ ನೋಡ್ಲಿ ಅಂತ ತಾನೇ ನನ್ನನ್ನ ಕಳಿಸಿರೋದು?" ಎಂದ ತಪಾಸಣೆಯವರು ಫೈಲಿನಲ್ಲಿ ನಿಧಾನವಾಗಿ ಬರೆದು, ಬರೆದದ್ದನ್ನು ಓದಿಯೂ ಹೇಳಿದರು: "ಯಂತ್ರ ಚುರುಕಾಗಿದೆ. ನೌಕರರ ಕೈ ಯಂತ್ರಕ್ಕಿಂತ ಚುರುಕಾಗಿದೆ. ಆದ್ದರಿಂದ ಮರಣ ವಿಭಾಗದ ಕೆಲಸವನ್ನೂ ಇವರಿಗೇ ವಹಿಸಬಹುದು. ತಕ್ಷಣದಿಂದ."

ಯಮಣ್ಣ ಮರಣದ ದಪ್ಪ ಫೈಲುಗಳನ್ನೆಲ್ಲ ತಂದು ಗುಮಾಸ್ತರ ಮೇಜಿನ ಮೇಲಿಟ್ಟ. "ನನ್ನಿಂದಾಗಿ ಹೀಗಾಯ್ತು" ಎಂದು ಬೇಸರದಿಂದ ಹೇಳಿ, ಕಾಫಿಗೆ ಹೊರಟ.

ಎರಡೂ ಸಾಲು ಒಂದಾಗಿ ಕಿಟಕಿಯ ಮುಂದೆ ನಿಂತವು. ಗುಮಾಸ್ತರು ಮೊದಲ ಮರಣ ಪತ್ರ ತೆರೆಯಲು ಗುಂಡಿ ಒತ್ತಿದರು. ಸಣ್ಣ ಚಕ್ರವೊಂದು ತಿರುಗತೊಡಗಿತು. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು.

"ಏನಾಯ್ತು ಸಾರ್?" ಎಂದರು ಮುಂದೆ ನಿಂತವರು.

ಮಿಷಿನ್ ಸ್ಲೋ ಎನ್ನಲು ಗುಮಾಸ್ತರು ಬಾಯಿ ತೆರೆದರು. ಆಗಷ್ಟೇ ಚಪ್ಪಾಳೆ ತಟ್ಟಿದ್ದ ಕಿಟಕಿಯ ಅಷ್ಟೂ ಮುಖಗಳನ್ನು ನೋಡಿದರು. ಬಾಯಿ ಮುಚ್ಚಿಕೊಂಡರು.